ಶಾಫ್ಟ್ ಮಿಂಚಿದ್ರೂ ಸೀಲ್ ಸೋರತೈತಿ: ಟಾಲರೆನ್ಸ್, ಫಿನಿಶ್ ಬಗ್ಗೆ ಕೇಳಿದ್ದು, ಹೇಳಿದ್ದು

ಅಡ್ಮಿನ್: ಮಷಿನ್ ಶಾಪಿನ ಮಂದಿ ಭಾಳ ದಿನದಿಂದ ಕೇಳಾಕತ್ತಿದ್ರು, ಈ ಸಲ ಟಾಲರೆನ್ಸ್ (ಅಳತಿಯೊಳಗ ಎಷ್ಟು ಹೆಚ್ಚೂಕಮ್ಮಿ ನಡೀತೈತಿ) ಮತ್ತ ಸರ್ಫೇಸ್ ಫಿನಿಶ್ (ಮೇಲ್ಮೈ ಎಷ್ಟು ನುಣುಪು). ಉತ್ತರ ಕೊಡೋರು ವಾಲ್ವ್, ಪಂಪ್ ಕೆಲಸದಾಗ ಇನ್‌ಸ್ಪೆಕ್ಷನ್ ನೋಡಿಕೊಂಡು ಬಂದ ಹಿರಿಯರು. ಹೆಸರು ಹಾಕೂದು ಬ್ಯಾಡ ಅಂದಾರ. ಪ್ರಶ್ನೆ ಕೇಳೋರು ಮಟೀರಿಯಲ್, ಸೈಜು, ಡ್ರಾಯಿಂಗಿನಾಗ ಏನ್ ಬರದೈತಿ ಅನ್ನೂದನ್ನ ತಪ್ಪದ ಹಾಕ್ರಿ. "ಜಾಬ್ ಸರಿ ಬರವಲ್ದು" ಅಂತ ಇಷ್ಟ ಬರದ್ರ ಯಾರಿಗೂ ಏನೂ ಹೇಳಾಕ ಬರಂಗಿಲ್ಲ.

ಪ್ರಶ್ನೆ (ಗೋಕುಲ ರೋಡ್, ಜಾಬ್ ವರ್ಕ್ ಅಂಗಡಿ)

ಸರ್ ನಮಸ್ಕಾರ್ರಿ. ನಮ್ಮಲ್ಲಿ ಎರಡು ಸಿಎನ್‌ಸಿ ಲೇತ್, ಒಂದು ಹಳೇ ಲೇತ್ ಅದಾವ. ಪಂಪ್ ಶಾಫ್ಟಿನ ಆರ್ಡರ್ ಬಂದಿತ್ತು. ಮಟೀರಿಯಲ್ ಇಎನ್8 ಸ್ಟೀಲ್, ಆಯಿಲ್ ಸೀಲ್ ಕೂಡೂ ಜಾಗಾ 35 ಡಯಾ. ಡ್ರಾಯಿಂಗಿನಾಗ ಎಚ್11 (ಸಣ್ಣಕ್ಷರದ ಎಚ್, ಅಂದ್ರ ಶಾಫ್ಟಿನ ಟಾಲರೆನ್ಸ್; ದೊಡ್ಡಕ್ಷರ ಇದ್ರ ತೂತಿಂದು), ಆರ್‌ಎ (ಮೇಲ್ಮೈ ಒರಟುತನದ ಸರಾಸರಿ, ಮೈಕ್ರಾನಿನಾಗ) 0.2ರಿಂದ 0.8, ಬಾಜೂಕ "ಪ್ಲಂಜ್ ಗ್ರೈಂಡ್" ಅಂತ ಒಂದು ನೋಟ್. ನಮ್ಮ ಹತ್ರ ಗ್ರೈಂಡಿಂಗ್ ಮಷಿನ್ ಇಲ್ಲ. ಸಣ್ಣ ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯೂ ಅಂತರ) ಹಾಕಿ ಟರ್ನಿಂಗ್ ಮಾಡಿ, ಎಮರಿ ಹೊಡದು ಕೊಟ್ವಿ. ಟೆಸ್ಟರ್ ಹಚ್ಚಿ ನೋಡಿದ್ರ ಆರ್‌ಎ 0.5 ಬಂತು. ಸೈಜೂ 10 ಮೈಕ್ರಾನಿನೊಳಗ (ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು) ಹಿಡದೀವಿ. ಆದ್ರೂ "ಎಣ್ಣಿ ಸೋರತೈತಿ" ಅಂತ ಪಾರ್ಟಿ ಲಾಟ್ ವಾಪಸ್ ಕಳಿಸ್ಯಾರ. ಸೀಲ್ ಬದಲಿ ಮಾಡಿದ್ರೂ ಅದ ಹಣೇಬರಹ. ನಂಬರ್ ಎಲ್ಲಾ ಸರಿ ಇದ್ದು ಯಾಕ ಹಿಂಗ?

ಉತ್ತರ

ನಂಬರ್ ಸರಿ ಅದಾವ. ನೋಟ್ ಬಿಟ್ಟೀರಿ.

ಮೊದಲ ಡ್ರಾಯಿಂಗ್ ಏನ್ ಕೇಳಾಕತ್ತೈತಿ ನೋಡ್ರಿ. 35 ಡಯಾಕ್ಕ ಎಚ್11 ಅಂದ್ರ ಸೊನ್ನಿಯಿಂದ ಮೈನಸ್ 160 ಮೈಕ್ರಾನ್. ಅಂದ್ರ 34.840ರಿಂದ 35.000ರ ತನಕ ಎಲ್ಲಿದ್ರೂ ಪಾಸ್. ಸೀಲಿನ ರಬ್ಬರ್ ಲಿಪ್ (ತುಟಿ) ಸ್ಪ್ರಿಂಗ್ ಹಾಕಿಕೊಂಡು ಶಾಫ್ಟನ್ನ ಹಿಡದಿರತೈತಿ, ಅದಕ್ಕ ಸೈಜಿನ ಮ್ಯಾಲ ಅಷ್ಟೇನೂ ಸಿಟ್ಟಿಲ್ಲ. ಸಿಟ್ಟಿರೂದು ಮೇಲ್ಮೈ ಮ್ಯಾಲ. ನೀವು ಯಾರೂ ಕೇಳಲಾರದ 10 ಮೈಕ್ರಾನ್ ಹಿಡಿಯಾಕ ಬೆವರು ಸುರಿಸೀರಿ, ಕೇಳಿದ್ದನ್ನ ಬಿಟ್ಟೀರಿ.

ಟರ್ನಿಂಗ್ ಅಂದ್ರ ಏನು? ಟೂಲ್ ಪಕ್ಕಕ್ಕ ಸರಕೋಂತ ಕಟ್ ಮಾಡತೈತಿ. ಶಾಫ್ಟ್ ಮ್ಯಾಲ ಬೀಳೂದು ಸಣ್ಣ ಥ್ರೆಡ್, ಕಣ್ಣಿಗೆ ಕಾಣಲಿ ಬಿಡಲಿ. ಹೊಲದಾಗ ಸಾಲು ಹೊಡದ್ರ ನೀರು ಸಾಲು ಹಿಡಕೊಂಡು ಹೋದಂಗ, ಎಣ್ಣಿ ಆ ಗೆರಿ ಹಿಡಕೊಂಡು ಹೋಗತೈತಿ. ಶಾಫ್ಟ್ ಒಂದು ಕಡೆ ತಿರುಗಿದ್ರ ಎಣ್ಣಿ ಹೊರಗ ಬರತೈತಿ. ಉಲ್ಟಾ ತಿರುಗಿದ್ರ ಒಳಗ ಎಳಕೊಂಡು ಲಿಪ್ ಒಣಗಿ ಸುಡತೈತಿ. ಇದಕ್ಕ ಲೀಡ್ ಅಂತಾರ. ಆರ್‌ಎ ಮೀಟರಿಗೆ ಲೀಡ್ ಗೊತ್ತಾಗಂಗಿಲ್ಲ. ಅದು ಗುಡ್ಡ ಎಷ್ಟು ಎತ್ತರ, ಕೊಳ್ಳ ಎಷ್ಟು ಆಳ ಅಂತ ಸರಾಸರಿ ಹೇಳತೈತಿ, ಗೆರಿ ಯಾವ ಕಡೆ ಹೊಂಟೈತಿ ಅಂತ ಹೇಳೂದಿಲ್ಲ. 0.5 ಆರ್‌ಎ ಇರೋ ಟರ್ನಿಂಗ್ ಶಾಫ್ಟ್ ಸೋರತೈತಿ, ಅದ 0.5 ಇರೋ ಪ್ಲಂಜ್ ಗ್ರೈಂಡಿಂಗ್ ಶಾಫ್ಟ್ ಸೋರಂಗಿಲ್ಲ.

ಪ್ಲಂಜ್ ಅಂದ್ರ ಗ್ರೈಂಡಿಂಗ್ ವೀಲ್ ನೇರ ಒಳಗ ಹೋಗಿ ನೇರ ಹೊರಗ ಬರೂದು. ಪಕ್ಕಕ್ಕ ಸರಿಯೂದ ಇಲ್ಲ, ಹಂಗಾಗಿ ಥ್ರೆಡ್ ಬೀಳಂಗಿಲ್ಲ. ಕಡೀಕ ಕಿಡಿ ಪೂರ್ತಿ ನಿಲ್ಲೂ ತನಕ ವೀಲನ್ನ ಅಲ್ಲೇ ಬಿಡಬೇಕು. ಇದರಾಗೂ ಒಂದು ಒಳಸುಳಿ ಐತಿ. ವೀಲಿನ ಮೈ ಸರಿ ಮಾಡೋ ಡೈಮಂಡ್ ಡ್ರೆಸ್ಸರನ್ನ ಅವಸರದಾಗ ಎಳದ್ರ ವೀಲ್ ಮ್ಯಾಲ ಥ್ರೆಡ್ ಬೀಳತೈತಿ, ಅದು ಹಂಗ ಶಾಫ್ಟಿಗೆ ಇಳೀತೈತಿ. ಹೊರಗ ಗ್ರೈಂಡಿಂಗಿಗೆ ಕೊಡೋದಾದ್ರ "ಪ್ಲಂಜ್ ಬೇಕು, ಡ್ರೆಸ್ಸಿಂಗ್ ನಿಧಾನ" ಅಂತ ಚಲಾನಿನ ಮ್ಯಾಲ ಬರದ ಕೊಡ್ರಿ. ಬಾಯಿಲೆ ಹೇಳಿದ್ದು ರಾತ್ರಿ ಶಿಫ್ಟಿನವರಿಗೆ ಮುಟ್ಟೂದಿಲ್ಲ.

ಲೀಡ್ ಐತೋ ಇಲ್ಲೋ ನೋಡಾಕ ರೊಕ್ಕ ಬೇಕಾಗಿಲ್ಲ, ಹೊಲಿಗಿ ದಾರ ಸಾಕು. ಶಾಫ್ಟನ್ನ ಲೇತಿನಾಗ ಲೆವೆಲ್ ಹಿಡೀರಿ, ಸೀಲ್ ಜಾಗಾಕ್ಕ ತೆಳು ಎಣ್ಣಿ ಸವರ್ರಿ. ದಾರದ ಒಂದು ತುದಿಗೆ 30 ಗ್ರಾಮಿನಷ್ಟು ಭಾರ ಕಟ್ಟಿ, ಶಾಫ್ಟಿನ ಸುತ್ತಳತಿಯ ಮೂರರಾಗ ಎರಡು ಪಾಲು ಸುತ್ತುವಂಗ ಹಾಕಿ, ಇನ್ನೊಂದು ತುದಿ ಮ್ಯಾಲ ಕಟ್ಟ್ರಿ. 60 ಆರ್‌ಪಿಎಂ ಒಳಗ ತಿರುಗಿಸಿ ದಾರ ಸರೀತೈತೇನ ನೋಡ್ರಿ. ಆಮ್ಯಾಲ ಉಲ್ಟಾ ತಿರುಗಸ್ರಿ. ಎಡಕ್ಕ ಹೋಗಿದ್ದ ದಾರ ಈಗ ಬಲಕ್ಕ ಹೊಂಟ್ರ ಅದು ಲೀಡ್, ಅನುಮಾನ ಇಲ್ಲ. ಎರಡೂ ಸಲ ಒಂದ ಕಡೆ ಹೊಂಟ್ರ ಶಾಫ್ಟಿಗೆ ಟೇಪರ್ (ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ) ಐತಿ, ಇಲ್ಲಾಂದ್ರ ಲೇತಿನ ಮ್ಯಾಲ ಅದು ಲೆವೆಲ್ ಕೂತಿಲ್ಲ. ಅಲ್ಲೇ ನಿಂತ್ರ ಶಾಫ್ಟ್ ಚಲೋ ಐತಿ.

ಇನ್ನೊಂದು, ಗಟ್ಟಿತನ. ಸೀಲ್ ಕ್ಯಾಟಲಾಗ್ ಸಾಮಾನ್ಯ 45 ಎಚ್‌ಆರ್‌ಸಿ (ಗಟ್ಟಿತನದ ರಾಕ್‌ವೆಲ್ ಅಳತಿ) ಕೇಳ್ತಾವ. ಬಂದಂಗ ಇರೋ ಇಎನ್8 ಅಷ್ಟು ಗಟ್ಟಿ ಇರಂಗಿಲ್ಲ, ಸೀಲ್ ಜಾಗಾಕ್ಕ ಇಂಡಕ್ಷನ್ ಹಾರ್ಡನಿಂಗ್ (ಕರೆಂಟಿನಿಂದ ಮೇಲ್ಮೈ ಕಾಸಿ ಗಟ್ಟಿ ಮಾಡೂದು) ಮಾಡಸ್ತಾರ. ನಿಮ್ಮ ಡ್ರಾಯಿಂಗಿನಾಗ ಆ ಸಾಲೂ ಇರಬೇಕು, ಹುಡುಕ್ರಿ.

ಅದೇ ಅಂಗಡಿಯವರು: ಸರ್, ಹಂಗಾರ ಎಮರಿ ಹೊಡದ್ರ ಆ ಗೆರಿ ಹೋಗೂದಿಲ್ಲೇನ್ರಿ?

ಉತ್ತರ: ಗುಡ್ಡದ ತಲಿ ಅಷ್ಟ ಹೋಗತೈತಿ, ಕೊಳ್ಳ ಹಂಗ ಉಳೀತೈತಿ. ಅದಕ್ಕ ಆರ್‌ಎ ಕಮ್ಮಿ ತೋರಸ್ತು, ಎಣ್ಣಿ ಮಾತ್ರ ಕೊಳ್ಳ ಹಿಡಕೊಂಡು ಬಂತು. ಮ್ಯಾಲಾಗಿ ಹುಡುಗರು ಎಮರಿ ಪಟ್ಟಿಯನ್ನ ಆ ಕಡೆ ಈ ಕಡೆ ಎಳೀತಾರ, ಅದರಿಂದ ಹೊಸಾ ಲೀಡ್. ವಾಪಸ್ ಬಂದ ಲಾಟನ್ನ ಸ್ಕ್ರ್ಯಾಪಿಗೆ ಹಾಕಬ್ಯಾಡ್ರಿ. 35ರ ಹತ್ರ ಹತ್ರ ಸೈಜ್ ಹಿಡದೀರಲ್ಲ, ಅದು ಈಗ ಉಪಯೋಗಕ್ಕ ಬಂತು: ಕೆಳಗ ಇನ್ನೂ 150 ಮೈಕ್ರಾನ್ ಜಾಗಾ ಐತಿ. ಪ್ಲಂಜ್ ಗ್ರೈಂಡಿಂಗಿಗೆ ಡಯಾದ ಮ್ಯಾಲ 100 ಮೈಕ್ರಾನ್ ತಗದ್ರೂ ಎಚ್11 ಒಳಗ ಇರ್ತೀರಿ. ಪಾರ್ಟಿಯ ಪರವಾನಗಿ ತಗೊಂಡು ಮಾಡಸ್ರಿ.

ಅಮರಗೋಳದಿಂದ ಒಬ್ಬರು: ಗ್ರೈಂಡಿಂಗ್ ಮುಗದ ಮ್ಯಾಲ ಬಫಿಂಗ್ ಮಾಡಿ ಕನ್ನಡಿ ಹಂಗ ಮಾಡಿಬಿಟ್ರ ಇನ್ನೂ ಚಲೋ ಅಲ್ಲೇನ್ರಿ? ಯಾರೂ ರಿಜೆಕ್ಟ್ ಮಾಡಂಗಿಲ್ಲ.

ಉತ್ತರ: 0.2ರಿಂದ 0.8 ಅಂತ ಎರಡೂ ಕಡೆ ಬೇಲಿ ಹಾಕ್ಯಾರ, ಕೆಳಗಿನ ಬೇಲಿ ಸುಮ್ಮನ ಹಾಕಿಲ್ಲ. 0.2ಕ್ಕಿಂತ ನುಣುಪಾದ್ರ ಲಿಪ್ಪಿನ ಕೆಳಗ ಎಣ್ಣಿ ನಿಲ್ಲಾಕ ಜಾಗಾ ಇರಂಗಿಲ್ಲ. ರಬ್ಬರ್ ಒಣಾ ಲೋಹದ ಮ್ಯಾಲ ತಿಕ್ಕಿ ಗಟ್ಟಿಯಾಗಿ ಬಿರುಕು ಬಿಡತೈತಿ. ನುಣುಪು ಮಾಡಿದ್ದಕ್ಕ ರೊಕ್ಕಾನೂ ಹೋತು, ಸೀಲೂ ಹೋತು.

ಪ್ರಶ್ನೆ (ತಾರಿಹಾಳ, ವಾಲ್ವ್ ಬಾಡಿ ಮಷಿನಿಂಗ್)

ಸರ್, ನಮ್ಮದು ಉಲ್ಟಾ ಕಥಿ. ವಾಲ್ವ್ ಬಾಡಿ, ಡಬ್ಲ್ಯೂಸಿಬಿ (ಕಾರ್ಬನ್ ಸ್ಟೀಲ್) ಕಾಸ್ಟಿಂಗ್, ಫ್ಲಾಂಜ್ ಫೇಸ್ (ಪೈಪಿಗೆ ಬೋಲ್ಟ್ ಹಾಕಿ ಜೋಡಿಸೂ ಮುಖ) ಚಂದ ಸಾಫ್ ಮಾಡಿ ಕೊಟ್ವಿ, ಆರ್‌ಎ 1.2. ಹೊರಗಿಂದ ಬಂದ ಇನ್‌ಸ್ಪೆಕ್ಟರ್ "ಫೇಸ್ ಭಾಳ ಸಾಫ್ ಐತಿ, ರಿಜೆಕ್ಟ್" ಅಂದ್ರು. ಸಾಫ್ ಆದ್ರೂ ರಿಜೆಕ್ಷನ್ ಏನ್ರಿ?

ಉತ್ತರ

ಇನ್‌ಸ್ಪೆಕ್ಟರ್ ಸರಿ ಅದಾರ. ಹುಬ್ಬಳ್ಳಿಯೊಳಗ ಇಷ್ಟು ವಾಲ್ವ್ ಕೆಲಸ ನಡೀತೈತಿ, ಆದ್ರೂ ಈ ಪ್ರಶ್ನೆ ನಿಂತಿಲ್ಲ.

ಫ್ಲಾಂಜ್ ಫೇಸ್ ಮ್ಯಾಲ ಗ್ಯಾಸ್ಕೆಟ್ ಕೂಡತೈತಿ. ಬೋಲ್ಟ್ ಬಿಗಿದಾಗ ಆ ಮೆತ್ತನ ಗ್ಯಾಸ್ಕೆಟ್ ಫೇಸಿನ ಗೆರಿಯೊಳಗ ಇಳದು ಹಲ್ಲು ಕಚ್ಚಬೇಕು. ಗೆರಿನ ಇಲ್ಲಾಂದ್ರ ಒಳಗಿನ ಪ್ರೆಷರಿಗೆ ಗ್ಯಾಸ್ಕೆಟ್ ಹೊರಗ ಜಾರತೈತಿ. ಅದಕ್ಕ ಫ್ಲಾಂಜಿನ ಎಎಸ್‌ಎಂಇ ಬಿ16.5 ಸ್ಟ್ಯಾಂಡರ್ಡು ರೇಜ್ಡ್ ಫೇಸಿಗೆ (ಸ್ವಲ್ಪ ಎತ್ತರಿಸಿದ ಮುಖ) ಆರ್‌ಎ 3.2ರಿಂದ 6.3 ಮೈಕ್ರಾನ್ ಕೇಳತೈತಿ. ಟೂಲಿನ ಮೂಗು (ತುದಿಯ ಗುಂಡು ಮೂಲಿ) 1.5 ಮಿಮೀ ರೇಡಿಯಸ್ ಇಲ್ಲಾ ಅದಕ್ಕಿಂತ ದೊಡ್ಡದು, ಒಂದು ಮಿಲಿಮೀಟರಿಗೆ 1.8ರಿಂದ 2.2 ಗೆರಿ.

ಗೆರಿ ಲೆಕ್ಕ ಫೀಡಿಗೆ ತಿರುವಿದ್ರ ಒಂದು ಸುತ್ತಿಗೆ 0.45ರಿಂದ 0.55 ಮಿಮೀ. ಈಗ ಇದನ್ನ ಅಂಗಡಿ ಸೂತ್ರಕ್ಕ ಹಾಕಿ ನೋಡ್ರಿ: ಫೀಡನ್ನ ಫೀಡಿನಿಂದ ಗುಣಿಸಿ, ಮೂಗಿನ ರೇಡಿಯಸ್ಸಿನ 32 ಪಟ್ಟಿನಿಂದ ಭಾಗಿಸಿದ್ರ ಹೆಚ್ಚೂಕಮ್ಮಿ ಆರ್‌ಎ ಬರತೈತಿ. 0.5 ಫೀಡಿಗೆ 0.25 ಭಾಗಿಸು 48, ಅಂದ್ರ 5.2 ಮೈಕ್ರಾನ್. 0.45ಕ್ಕ 4.2, 0.55ಕ್ಕ 6.3. ಸ್ಟ್ಯಾಂಡರ್ಡಿನ ಎರಡೂ ಅಂಕಿ ಒಂದಕ್ಕೊಂದು ಹೆಂಗ ಕೂಡ್ತಾವ ನೋಡ್ರಿ. ನನಗ ಇದು ಇವತ್ತಿಗೂ ಖುಷಿ ಕೊಡೋ ಲೆಕ್ಕ.

ಗೆರಿ ಸುರುಳಿ ಇದ್ರೂ ನಡೀತೈತಿ, ಬಿಡಿ ಬಿಡಿ ವೃತ್ತ ಇದ್ರೂ ನಡೀತೈತಿ. ಶಾಫ್ಟಿನಾಗ ಸುರುಳಿ ವೈರಿ, ಇಲ್ಲಿ ಅಲ್ಲ. ಇಲ್ಲಿ ಯಾವುದೂ ತಿರುಗೂದಿಲ್ಲ, ಗ್ಯಾಸ್ಕೆಟ್ ಸುರುಳಿಯನ್ನ ತುಂಬಿ ಮುಚ್ಚತೈತಿ. ಆದ್ರ ಒಳಗಿನ ಬೋರಿನಿಂದ ಹೊರಗಿನ ಅಂಚಿನ ತನಕ ಗೆರಿಗಳನ್ನ ಅಡ್ಡ ಕೊಯ್ದ ಒಂದು ಗೀರು ಇದ್ರ, ಅದು ಸೋರಾಕ ನೇರ ರಸ್ತೆ. ಫೇಸ್ ಕೆಳಗ ಮಾಡಿ ಬಾಡಿಯನ್ನ ಸಿಮೆಂಟ್ ನೆಲದ ಮ್ಯಾಲ ಎಳಿಯೋರಿಗೆ ಇದನ್ನ ಕೈ ಹಿಡದು ತೋರಸ್ರಿ.

ಟೆಸ್ಟರ್ ಹಚ್ಚಿ 1.2 ಅಂತ ಬರದೀರಿ. ಈ ಫೇಸಿಗೆ ಅದ ಸ್ಟ್ಯಾಂಡರ್ಡು ಮುಳ್ಳಿನ ಟೆಸ್ಟರ್ ಕೇಳಂಗಿಲ್ಲ; ಆರ್‌ಎ ನಮೂನಿ ಪ್ಲೇಟ್ ಬಾಜೂಕ ಇಟ್ಟು ಕಣ್ಣಿನಿಂದ ಹೋಲಿಸಿ ನೋಡ್ರಿ ಅಂತೈತಿ. ಒಂದು ಪ್ಲೇಟ್ ಕೊಂಡು ಇಟ್ಕೊಳ್ರಿ. ರಿಂಗ್ ಜಾಯಿಂಟ್ ಇರೋ ಫ್ಲಾಂಜ್ ಬಂದ್ರ ಮಾತ್ರ ಲೆಕ್ಕ ಬ್ಯಾರೆ: ಅದರ ಗ್ರೂವಿನ ಗೋಡಿ 1.6ಕ್ಕಿಂತ ಒರಟು ಇರಬಾರದು, ಅಲ್ಲಿ ಲೋಹದ ಮ್ಯಾಲ ಲೋಹ ಕೂಡತೈತಿ.

ಪ್ರಶ್ನೆ (ಐಟಿಐ ಮುಗಿಸಿದ ಹುಡುಗ, ಈಗ ಸಿಎನ್‌ಸಿ ಆಪರೇಟರ್)

ಸರ್, ಆ 32ರ ಸೂತ್ರ ನಾನೂ ಹಚ್ಚಿ ನೋಡಿದೆ. ನಮ್ಮ ಇನ್ಸರ್ಟ್ (ಟೂಲಿಗೆ ಹಾಕೂ ಕಟಿಂಗ್ ತುದಿ) ಸಿಎನ್‌ಎಂಜಿ 120408. ಆರ್‌ಎ 1.6 ಬೇಕು. 0.2 ಫೀಡ್ ಹಾಕಿದ್ರ 1.56 ಬರಬೇಕಿತ್ತು, ಖರೆ ಬಂದಿದ್ದು 2.3. ಆಮ್ಯಾಲ 0.05 ಫೀಡ್ ಹಾಕಿದೆ, ಆಗೂ 1.7. ಸೂತ್ರ ತಪ್ಪೈತೇನ್ರಿ?

ಉತ್ತರ

ಸೂತ್ರ ಸರಿ ಐತಿ ತಮ್ಮಾ. ಅದು ಹೇಳೂದು ಟೂಲ್ ಹೊಸಾದಿದ್ದು, ಮಷಿನ್ ನಡುಗಲಾರದ, ಮೆಟಲ್ ಚೊಕ್ಕ ಕತ್ತರಿಸಿದ್ರ ಸಿಗೂ ಆರ್‌ಎ. ಶಾಪಿನಾಗ ಅದಕ್ಕಿಂತ ಹೆಚ್ಚ ಬರತೈತಿ. 1.6 ಬೇಕಂದ್ರ 1.56ರ ಫೀಡ್ ಹಾಕಬಾರದು, 0.15 ಹಾಕು, ಲೆಕ್ಕಕ್ಕ 0.9 ಬರತೈತಿ, ಕೈಯಾಗ ಅಂತರ ಉಳೀತೈತಿ. 120408ರ ಕಡಿ 08 ಅಂದ್ರ ಮೂಗು 0.8 ರೇಡಿಯಸ್. ಸ್ಟೋರಿನವರು 120404 ಕೊಟ್ರ ಮೂಗು ಅರ್ಧ, ಅದ ಫೀಡಿಗೆ ಆರ್‌ಎ ಡಬಲ್. ಬಾಕ್ಸ್ ಓದಿ ಹಾಕು.

0.05ರಾಗ ಯಾಕ ಕೆಟ್ತು ಅಂದ್ರ, ಅಷ್ಟು ಸಣ್ಣ ಫೀಡಿಗೆ ಇನ್ಸರ್ಟಿನ ಅಂಚು ಕತ್ತರಿಸೂದಿಲ್ಲ, ತಿಕ್ಕತೈತಿ. ಫಿನಿಶಿಂಗ್ ಕಟ್ಟಿಗೆ 0.05 ಡೆಪ್ತ್ ಅಷ್ಟ ಬಿಟ್ಟಿದ್ರೂ ಹಿಂಗ ಆಗತೈತಿ. 0.8 ಮೂಗಿಗೆ ಡೆಪ್ತ್ ಅರ್ಧ ಮಿಲಿಮೀಟರಿನ ಹತ್ರ ಇದ್ರ ಚಲೋ.

ಆರ್‌ಪಿಎಂ ಎಷ್ಟು ಅಂತ ನೀ ಬರದಿಲ್ಲ. 25 ಡಯಾ ಜಾಬನ್ನ 500 ಆರ್‌ಪಿಎಂ ಒಳಗ ತಿರುಗಿಸಿದ್ರ ಕಟಿಂಗ್ ಸ್ಪೀಡ್ ನಿಮಿಷಕ್ಕ 39 ಮೀಟರ್. ಮೈಲ್ಡ್ ಸ್ಟೀಲಿಗೆ ಕಾರ್ಬೈಡ್ ಹಾಕಿ ಈ ಸ್ಪೀಡಿನಾಗ ಓಡಿಸಿದ್ರ ಟೂಲಿನ ತುದಿಗೆ ಮೆಟಲ್ ಅಂಟತೈತಿ. ಅಂಟಿದ ಚೂರು ಹರಕೊಂಡು ಹೋಗಿ ಜಾಬಿನ ಮ್ಯಾಲ ಕೂಡತೈತಿ. ಉಗುರು ಎಳದ್ರ ಹರಕು ಹರಕು ಹತ್ತತೈತಿ, ಮಬ್ಬಾಗಿ ಕಾಣತೈತಿ. ನಿಮಿಷಕ್ಕ 150 ಮೀಟರಿಗೆ ಏರಿಸಿದ್ರ ಅದ ಟೂಲ್, ಅದ ಫೀಡ್, ಮೇಲ್ಮೈ ಹೊಳೀತೈತಿ. ಫಿನಿಶ್ ಬರವಲ್ದು ಅಂತ ಎಲ್ಲರೂ ಮೊದಲು ಫೀಡ್ ಇಳಸ್ತಾರ, ಸ್ಪೀಡ್ ಏರಿಸಿ ನೋಡೋರು ಕಮ್ಮಿ. ಹಳೇ ಲೇತಿನಾಗ ಅಷ್ಟು ಸ್ಪೀಡ್ ಸಿಗಲಿಲ್ಲಂದ್ರ ಚೂಪು ಮಸೆದ ಎಚ್‌ಎಸ್‌ಎಸ್ ಟೂಲ್, ಚಲೋ ಕಟಿಂಗ್ ಆಯಿಲ್, ನಿಧಾನ.

ಪ್ರಶ್ನೆ (ಗದಗ, ಲೇತ್ ಅಂಗಡಿ)

ಗನ್‌ಮೆಟಲ್ (ಒಂದು ನಮೂನಿ ಕಂಚು) ಬುಷ್, ಬೋರ್ 40 ಎಚ್7 (ದೊಡ್ಡಕ್ಷರ), ಗೋಡಿ 4 ಮಿಮೀ. ಚಕ್ಕಿನಾಗ ಇದ್ದಾಗ ಬೋರ್ ಗೇಜ್ ಹಚ್ಚಿದ್ರ 40.012, ಯಾವ ಕಡೆ ತಿರುಗಿಸಿದ್ರೂ ಅಷ್ಟ. ಚಕ್ ಬಿಚ್ಚಿ ತಗದ ಮ್ಯಾಲ ಪ್ಲಗ್ ಗೇಜಿನ ಗೋ ಕಡೆ (ಒಳಗ ಹೋಗಲೇಬೇಕಾದ ತುದಿ) ಒಳಗ ಹೋಗವಲ್ದು. ಗೇಜ್ ಕೆಟ್ಟೈತಿ ಅಂತ ನಮ್ಮ ಹುಡುಗರು, ನೀವ ಕೆಟ್ಟೀರಿ ಅಂತ ಪಾರ್ಟಿ.

ಉತ್ತರ

ಎರಡು ಕಾರಣ, ಎರಡೂ ಕೂಡಿ ಬಂದಾವ.

ಮೂರು ಜಾ (ಜಾಬ್ ಹಿಡಿಯೂ ದವಡಿ) ಇರೋ ಚಕ್ಕಿನಾಗ 4 ಮಿಮೀ ಗೋಡಿ ಬಿಗಿದ್ರ ಮೂರು ಕಡೆ ಗೋಡಿ ಒಳಗ ಬಗ್ಗತೈತಿ. ಬಗ್ಗಿದ್ದಾಗ ನೀವು ಗುಂಡಗ ಬೋರ್ ಹೊಡೀತೀರಿ. ಬಿಚ್ಚಿದ ಕೂಡಲೆ ಜಾ ಇದ್ದ ಮೂರು ಜಾಗಾ ಹೊರಗ ಜಿಗೀತಾವ, ನಡುವಿನ ಮೂರು ಒಳಗ ಬರ್ತಾವ. ಈಗ ಬೋರಿಗೆ ಮೂರು ಮೂಲಿ. ಮಜಾ ಏನಂದ್ರ, ಬಿಚ್ಚಿದ ಮ್ಯಾಲ ಎರಡು ಪಾಯಿಂಟಿನ ಬೋರ್ ಗೇಜ್ ಹಚ್ಚಿದ್ರೂ ಇದು ಸಿಗಂಗಿಲ್ಲ. ಉಬ್ಬಿದ ಜಾಗಾದ ಎದುರಿಗೆ ಯಾವಾಗಲೂ ತಗ್ಗಿದ ಜಾಗಾ ಇರತೈತಿ, ಕೂಡಿಸಿದ್ರ ಎಲ್ಲಾ ಕಡೆ ಅದ ಡಯಾ. ಪ್ಲಗ್ ಗೇಜಿಗೆ ಮಾತ್ರ ಮೋಸ ಇಲ್ಲ, ಅದಕ್ಕ ಒಳಗಿನ ಪೂರ್ತಿ ವೃತ್ತ ಬೇಕು. ಮೂರು ಪಾಯಿಂಟಿನ ಒಳ ಮೈಕ್ರೋಮೀಟರ್ ಯಾರ ಹತ್ರಾದ್ರೂ ಇದ್ರ ತಿರುಗಿಸಿ ನೋಡ್ರಿ, ಗೊತ್ತಾಗತೈತಿ.

ಎರಡನೇದು ಬಿಸಿ. ಎಚ್7 ಅಂದ್ರ 40ಕ್ಕ ಸೊನ್ನಿಯಿಂದ ಪ್ಲಸ್ 25 ಮೈಕ್ರಾನ್. ಗನ್‌ಮೆಟಲ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 18 ಮೈಕ್ರಾನ್ ಹಿಗ್ಗತೈತಿ. ಕಟ್ ಮಾಡಿದ ಕೂಡಲೆ ಜಾಬ್ 20 ಡಿಗ್ರಿ ಹೆಚ್ಚ ಬಿಸಿ ಇದ್ರ 40 ಮಿಮೀಗೆ 14 ಮೈಕ್ರಾನ್. ಬಿಸಿಯೊಳಗ 40.012 ಇದ್ದದ್ದು ಆರಿದ ಮ್ಯಾಲ 40ಕ್ಕಿಂತ ಕೆಳಗ. ಅಳತಿಯ ಮಾತು ಯಾವಾಗಲೂ 20 ಡಿಗ್ರಿ ಸೆಲ್ಸಿಯಸ್ ಲೆಕ್ಕದಾಗ. ಏಪ್ರಿಲ್ ತಿಂಗಳ ಗದಗಿನಾಗ ಶೀಟಿನ ಕೆಳಗ 20 ಡಿಗ್ರಿ ಯಾರೂ ಕಾಣಂಗಿಲ್ಲ, ಹಂಗಂತ ಅಂಗಡಿಗೆ ಎಸಿ ಹಾಕಸ್ರಿ ಅನ್ನಂಗಿಲ್ಲ. ಜಾಬೂ ಗೇಜೂ ಒಂದ ಟೇಬಲ್ ಮ್ಯಾಲ ಸ್ವಲ್ಪ ಹೊತ್ತು ಬಿಟ್ಟು ಎರಡೂ ಒಂದ ತಾಪಕ್ಕ ಬಂದ ಮ್ಯಾಲ ಅಳೀರಿ. ಬಿಸಿ ಬುಷ್ಷಿನೊಳಗ ತಣ್ಣನ ಗೇಜ್ ತುರುಕಿ ಮಾತಾಡಕೋಂತ ನಿಂತ್ರ ಬುಷ್ ಆರಿ ಗೇಜನ್ನ ಹಿಡದುಬಿಡತೈತಿ, ಅದು ಬ್ಯಾರೆ ತಲಿನೋವು.

ಮಾಡೂದು ಏನು: ಸಾಫ್ಟ್ ಜಾ ಹಾಕಿ, ಬುಷ್ಷಿನ ಹೊರ ಡಯಾಕ್ಕ ಸರಿಯಾಗಿ ಅವನ್ನ ಬೋರ್ ಮಾಡ್ಕೊಳ್ರಿ, ಆಗ ಜಾ ಬುಷ್ಷಿನ ಸುತ್ತ ತಬ್ಬಿ ಹಿಡೀತಾವ. ರಫ್ ಕಟ್ ಆದ ಮ್ಯಾಲ ಚಕ್ ಸಡ್ಲ ಮಾಡಿ, ಹಗುರಾಗಿ ಮತ್ತ ಬಿಗಿದು, ಆರಿದ ಮ್ಯಾಲ ಕಡೀ ಕಟ್ ಹೊಡೀರಿ. ಇಲ್ಲಾ ಗೋಡಿ ದಪ್ಪ ಇದ್ದಾಗಲ ಬೋರ್ ಮುಗಿಸಿ, ಮ್ಯಾಂಡ್ರೆಲ್ (ಬೋರಿನಾಗ ತೂರಿಸಿ ಹಿಡಿಯೂ ಶಾಫ್ಟ್) ಮ್ಯಾಲ ಹಾಕಿ ಹೊರಗಿನದು ಟರ್ನಿಂಗ್ ಮಾಡ್ರಿ. ನನಗ ಎರಡನೇದ ಪಸಂದ.

ಲಕ್ಕಮನಹಳ್ಳಿಯಿಂದ ಒಬ್ಬರು: ಬುಷ್ ಹೌಸಿಂಗಿನಾಗ ಪ್ರೆಸ್ ಮಾಡಿದ ಮ್ಯಾಲ ಬೋರ್ ಮತ್ತ ಸಣ್ಣಾಗತೈತಲ್ರಿ?

ಉತ್ತರ: ಹೌದು, ತೆಳು ಬುಷ್ಷಿನಾಗ ಹೊರಗಿನ ಬಿಗಿತ ಬಹುಪಾಲು ಒಳಗ ಬರತೈತಿ. ಒಳಗ ಸ್ವಲ್ಪ ಮಟೀರಿಯಲ್ ಬಿಟ್ಟು, ಪ್ರೆಸ್ ಮಾಡಿ, ಆಮ್ಯಾಲ ರೀಮರ್ ಹೊಡೀರಿ. ಡ್ರಾಯಿಂಗಿನ ಎಚ್7 ಪ್ರೆಸ್ ಮಾಡೂಕಿಂತ ಮೊದಲೋ ಆಮ್ಯಾಲೋ ಅಂತ ಪಾರ್ಟಿಗೆ ಕೇಳ್ರಿ.

ಪ್ರಶ್ನೆ (ಬೇಲೂರು ಇಂಡಸ್ಟ್ರಿಯಲ್ ಏರಿಯಾ, ಧಾರವಾಡ, ಕ್ವಾಲಿಟಿ ವಿಭಾಗ)

ಸರ್, ನಾನು ಇನ್‌ಸ್ಪೆಕ್ಟರ್ ಆಗಿದ್ದೇನೆ. ಟರ್ನಿಂಗ್ ಆದ ಅದೇ ಪೀಸಿಗೆ ನಮ್ಮ ಟೆಸ್ಟರಿನಲ್ಲಿ ಆರ್‌ಎ 1.1, ಗ್ರಾಹಕರಲ್ಲಿ 1.8. ಎರಡೂ ಟೆಸ್ಟರ್ ಕ್ಯಾಲಿಬ್ರೇಷನ್ ಆಗಿವೆ. ಯಾರದು ಸರಿ?

ಉತ್ತರ

ಮೇಡಂ, ನಿಮ್ಮ ಟೆಸ್ಟರಿನಾಗ ಕಟ್-ಆಫ್ (ಅಲೆ ಯಾವುದು, ಒರಟುತನ ಯಾವುದು ಅಂತ ಬ್ಯಾರೆ ಮಾಡೂ ಉದ್ದ, ಮಿಮೀನಾಗ) ಎಷ್ಟಿಟ್ಟೀರಿ ನೋಡ್ರಿ. 0.25 ಇದ್ದೀತು ಅಂತ ನನ್ನ ಅಂದಾಜು. ಜಾಬಿನ ಫೀಡ್ 0.2 ಇದ್ದು ಕಟ್-ಆಫ್ 0.25 ಇಟ್ರ, ಫೀಡಿನ ಗೆರಿಯ ಒಂದಷ್ಟು ಪಾಲನ್ನ ಟೆಸ್ಟರ್ "ಇದು ಅಲೆ, ಒರಟುತನ ಅಲ್ಲ" ಅಂತ ಸೋಸಿ ಬಿಡತೈತಿ, ರೀಡಿಂಗ್ ಕಮ್ಮಿ ಬರತೈತಿ. ಟರ್ನಿಂಗ್ ಜಾಬಿಗೆ ಗೆರಿಯ ಅಂತರ 0.13ರಿಂದ 0.4 ಮಿಮೀ ಇದ್ರ ಕಟ್-ಆಫ್ 0.8, ಅಳೆಯೋ ಉದ್ದ ಅದರ ಐದು ಪಟ್ಟು, 4 ಮಿಮೀ. ಗೆರಿ ಅಂತರ 0.4ಕ್ಕಿಂತ ದೊಡ್ಡದಿದ್ರ 2.5. ಮುಳ್ಳು ಗೆರಿಗೆ ಅಡ್ಡ ಹೋಗಬೇಕು, ಗೆರಿಯ ಗುಂಟ ಹೋದ್ರ ಸುಳ್ಳ ಹೇಳತೈತಿ. ಇನ್ನ ಗ್ರಾಹಕರ ರಿಪೋರ್ಟಿನಾಗ ಆರ್‌ಎ ಐತೋ ಆರ್‌ಝಡ್ (ಗುಡ್ಡದ ತುದಿಯಿಂದ ಕೊಳ್ಳದ ತಳದ ತನಕದ ಎತ್ತರ) ಐತೋ ಅದನ್ನೂ ಒಮ್ಮೆ ನೋಡ್ರಿ.

ಲಿಮಿಟ್ ದಾಟಿದ ರೀಡಿಂಗ್ ಬಗ್ಗೆ ಜಗಳ ಬಂದ್ರ ಇದು ನೆನಪಿರಲಿ: ಒರಟುತನ ಅಳಿಯೂ ಹಳೇ ಸ್ಟ್ಯಾಂಡರ್ಡ್ ಐಎಸ್‌ಒ 4288ರ ಪ್ರಕಾರ ಬ್ಯಾರೆ ಏನೂ ಬರೀದಿದ್ರ ರೀಡಿಂಗಿನಾಗ ನೂರಕ್ಕ 16 ಮೇಲಿನ ಲಿಮಿಟ್ ದಾಟಿದ್ರೂ ಪಾಸ್. 2021ರಾಗ ಅದರ ಜಾಗಾಕ್ಕ ಬಂದ ಐಎಸ್‌ಒ 21920 ಸರಣಿಯೊಳಗ ಆ ರಿಯಾಯಿತಿ ತಾನಾಗೇ ಸಿಗಂಗಿಲ್ಲ. ಡ್ರಾಯಿಂಗ್ ಯಾವ ಸ್ಟ್ಯಾಂಡರ್ಡಿನ ಹೆಸರು ಹೇಳೈತಿ ಅನ್ನೂದರ ಮ್ಯಾಲ ನಿಮ್ಮ ಪೀಸ್ ಪಾಸೋ ಫೇಲೋ.

ಪ್ರಶ್ನೆ (ಹಾವೇರಿ, ಒಕ್ಕಲುತನದ ಸಲಕರಣೆ ಮಾಡೋರು)

ನಮ್ಮದು ಟ್ರ್ಯಾಕ್ಟರಿಗೆ ಹಚ್ಚೋ ಕೂರಿಗಿ, ಕುಂಟಿ ಫ್ರೇಮ್. ಹೊಸಾ ಡಿಸೈನ್ ಹುಡುಗ 25 ಎಂಎಂ ಪಿನ್ ಇರೋ ಎಲ್ಲಾ ಕಡೆ ತೂತಿಗೆ ದೊಡ್ಡ ಎಚ್7, ಪಿನ್ನಿಗೆ ಸಣ್ಣ ಜಿ6 ಹಾಕ್ಯಾನ. ಅಂಗಡಿಯವರು ಮೂರು ಪಟ್ಟು ರೇಟ್ ಹೇಳಾಕತ್ಯಾರ. ಬಿಗಿ ಇದ್ರ ಜಾಸ್ತಿ ದಿನ ಬಾಳಿಕಿ ಬರತೈತಿ ಅಂತಾನ ಅವ.

ಉತ್ತರ

25ಕ್ಕ ಎಚ್7 ಸೊನ್ನಿಯಿಂದ ಪ್ಲಸ್ 21, ಜಿ6 ಮೈನಸ್ 7ರಿಂದ ಮೈನಸ್ 20. ಪಿನ್ನಿಗೂ ತೂತಿಗೂ ನಡುವ 7ರಿಂದ 41 ಮೈಕ್ರಾನ್ ಸಂದು. ಮಷಿನ್ ಟೂಲಿನ ಸ್ಲೈಡಿಗೆ ಚಲೋ. ಎರಿ ಹೊಲದ ಧೂಳು, ಹಸಿ ಮಣ್ಣು, ಜಂಗು ಇರೋ ಪಿನ್ನಿಗೆ? ಮೊದಲ ಮಳಿಗೆ ಹಿಡಕೊಂಡು ಕೂಡತೈತಿ, ರೈತ ಸುತ್ತಿಗಿ ತಗೋತಾನ. ತೂತಿಗೆ ಎಚ್11, ಪಿನ್ನಿಗೆ ಡಿ11 ಹಾಕಸ್ರಿ, ಸಂದು 65ರಿಂದ 325 ಮೈಕ್ರಾನ್ ಆಗತೈತಿ. ಡ್ರಿಲ್ ಹೊಡದು ಬಿಟ್ರ ಹೆಚ್ಚೂಕಮ್ಮಿ ಆ ತೂತು ಬರತೈತಿ. ಎಚ್7 ಬೇಕಂದ್ರ ಡ್ರಿಲ್, ಬೋರಿಂಗ್, ರೀಮರ್, ಮತ್ತ ಪ್ರತಿ ತೂತಿಗೂ ಪ್ಲಗ್ ಗೇಜ್. ಅಂಗಡಿಯವರು ಹೇಳಿದ ರೇಟ್ ಸುಳ್ಳಲ್ಲ.

ಮಿಕ್ಕಿದ ಅಳತಿಗೆ ಟೈಟಲ್ ಬ್ಲಾಕಿನಾಗ "ಐಎಸ್‌ಒ 2768, ಎಂ" ಅಂತ ಒಂದು ಸಾಲು ಬರದ್ರ ಮುಗೀತು: 6ರಿಂದ 30 ಮಿಮೀಗೆ ±0.2, 30ರಿಂದ 120ಕ್ಕ ±0.3, 120ರಿಂದ 400ಕ್ಕ ±0.5. ವೆಲ್ಡಿಂಗ್ ಆಗೋ ಫ್ರೇಮಿಗೆ ಇದೂ ಬಿಗಿ ಆಗತೈತಿ, ಅದಕ್ಕ ಬ್ಯಾರೆ ಸ್ಟ್ಯಾಂಡರ್ಡ್ ಐತಿ, 13920. ಹುಡುಗನ ಮ್ಯಾಲ ಸಿಟ್ಟಾಗಬ್ಯಾಡ್ರಿ, ಒಂದು ಸಲ ಹೊಲಕ್ಕ ಕರಕೊಂಡು ಹೋಗಿ ಪಿನ್ ಬಿಚ್ಚಾಕ ಹಚ್ಚ್ರಿ.

ಪ್ರಶ್ನೆ (ಲಕ್ಕಮನಹಳ್ಳಿ, ಮೇಲಿನವರೇ)

ಪಿನ್ ಮಾತು ಬಂತು ಅಂತ ಕೇಳ್ತೀನಿ. 20 ಡಯಾ ಪಿನ್, ಎಚ್9, ಜಿಂಕ್ ಪ್ಲೇಟಿಂಗ್ 8ರಿಂದ 12 ಮೈಕ್ರಾನ್. ಟರ್ನಿಂಗ್ ಆದಾಗ ಎಲ್ಲಾ ಓಕೆ, ಪ್ಲೇಟಿಂಗಿನಿಂದ ಬಂದ ಮ್ಯಾಲ ಅರ್ಧ ಪಿನ್ ರಿಂಗ್ ಗೇಜಿನಾಗ ಹೋಗವಲ್ವು.

ಉತ್ತರ

ಪ್ಲೇಟಿಂಗ್ ಎರಡೂ ಮಗ್ಗಲಿಗೆ ಏರತೈತಿ, ಡಯಾದ ಮ್ಯಾಲ 16ರಿಂದ 24 ಮೈಕ್ರಾನ್. ಸಣ್ಣ ಎಚ್9 ಅಂದ್ರ 20ಕ್ಕ ಸೊನ್ನಿಯಿಂದ ಮೈನಸ್ 52. ನಿಮ್ಮ ಹುಡುಗರು ಮೇಲಿನ ಲಿಮಿಟ್ ಹತ್ರ, 19.99ಕ್ಕ ನಿಲ್ಲಿಸಿರಬೇಕು, ಎಲ್ಲರೂ ಹಂಗ ಮಾಡ್ತಾರ, ಹೆಚ್ಚಾದ್ರ ಮತ್ತ ತಗೀಬಹುದು ಅಂತ. ಡ್ರಾಯಿಂಗಿನ ಸೈಜ್ ಪ್ಲೇಟಿಂಗ್ ಆದ ಮ್ಯಾಲಿಂದು ಅಂತ ಪಾರ್ಟಿ ಹೇಳಿದ್ರ, ಟರ್ನಿಂಗ್ ಸೈಜ್ ಹಿಂಗ ಇಡ್ರಿ: ಮೇಲಿಂದು 20.000ರಾಗ 0.024 ಕಳದು 19.976, ಕೆಳಗಿಂದು 19.948ರಾಗ 0.016 ಕಳದು 19.932. ನಿಮಗ 52ರ ಬದಲಿ 44 ಮೈಕ್ರಾನ್ ಉಳೀತಾವ. ಆ ಎರಡು ಅಂಕಿ ಆಪರೇಟರ್ ಕಾರ್ಡಿನ ಮ್ಯಾಲ ಬರೀರಿ, ಪ್ಲೇಟಿಂಗ್ ಆದ ಮ್ಯಾಲಿನ ಅಂಕಿ ಅಲ್ಲಿ ಬರೀಬ್ಯಾಡ್ರಿ. ಅಂಚಿನಾಗ ಜಿಂಕ್ ನಡುವಿಗಿಂತ ದಪ್ಪ ಕೂಡತೈತಿ, ಅದಕ್ಕ ಪಿನ್ನಿನ ಎರಡೂ ತುದಿಗೆ ಚೇಂಫರ್ (ಅಂಚಿನ ಓರೆ ಕಟ್) ಇರಲಿ. ಗೇಜಿಗೆ ಹೋಗದ ಪಿನ್ ಪ್ಲೇಟಿಂಗ್ ಬಿಚ್ಚಿಸಿ, ತಿರುಗಿ ಟರ್ನಿಂಗ್ ಮಾಡಿ ಮತ್ತ ಕಳಸ್ರಿ. ಎಮರಿ ಹೊಡದು ತುರುಕಿದ್ರ ಜಿಂಕ್ ಹೋಗಿ ಅಲ್ಲೇ ಜಂಗು ಹಿಡೀತೈತಿ.